ಫೆಬ್ರವರಿ 19ರ ಗೆರೆ

ಹೊಳೆ ಬದಿಯ ಜಾಗಕ್ಕೆ ಮನೆ ಪ್ಲಾನ್ ಬರೆಸಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ತೊಂಬತ್ತೊಂದಕ್ಕಿಂತ ಮುಂಚೆ ಅಲ್ಲಿ ಎಂತ ಇತ್ತು?’ ಎಷ್ಟು ಸೆಂಟ್ಸು, ಎಷ್ಟು ಬೆಡ್‌ರೂಮು, ಬಾವಿ ಯಾವ ಮೂಲೆಗೆ ಎಂಬುದೆಲ್ಲ ಆಮೇಲಿನ ಮಾತು. ಮಂಗಳೂರಿನ ಹಂಪನಕಟ್ಟೆಯ ಹಳೇ ಕಟ್ಟಡವೊಂದರ ಮಾಳಿಗೆಯಲ್ಲಿ ಕೂತು ಹೊಟ್ಟೆಪಾಡಿಗೆ ಪ್ಲಾನ್ ಬರೆದವನು ನಾನು. ಟ್ರೇಸಿಂಗ್ ಪೇಪರಿನ ಕಾಲದಲ್ಲಿ ಶುರು ಮಾಡಿ ಕಂಪ್ಯೂಟರಿನ ಕಾಲದಲ್ಲಿ ನಿಲ್ಲಿಸಿದೆ. ಕುದ್ರೋಳಿ, ಬೋಳೂರು, ಜೆಪ್ಪು, ಕೂಳೂರು ಕಡೆಯ ಜನ ‘ಸಿಆರ್‌ಝಡ್’ (ಕರಾವಳಿ ನಿಯಂತ್ರಣ ವಲಯ) ಎಂದರೆ ಇಂದಿಗೂ ಬೆಚ್ಚಿಬೀಳುತ್ತಾರೆ. ಆ ಹೆಸರಿನ ಹಿಂದಿರುವ ಇತಿಹಾಸ ನಮ್ಮ ಊರಿನಲ್ಲಿ 1991ಕ್ಕೆ ಶುರುವಾದದ್ದಲ್ಲ ಎಂಬುದು ನನಗೂ ಹಳೇ ದಸ್ತಾವೇಜುಗಳ ಧೂಳು ಕುಡಿದ ಮೇಲೆಯೇ ಗೊತ್ತಾದದ್ದು.

ದಕ್ಷಿಣ ಕನ್ನಡ ಮದ್ರಾಸಿನ ಕೈಕೆಳಗಿದ್ದಾಗ, 1905ರಲ್ಲಿ, ಮದ್ರಾಸ್ ಭೂ ಒತ್ತುವರಿ ಕಾಯಿದೆ ಬಂತು. ಸಮುದ್ರ, ಬಂದರು, ಅಳಿವೆಗಳಲ್ಲಿ ಉಬ್ಬರದ ಗೆರೆಯಿಂದ ಕೆಳಗಿನ ನೆಲ, ಹಾಗೆಯೇ ಹೊಳೆ ತೋಡುಗಳ ತಳ, ಎಲ್ಲವೂ ಸರಕಾರದ್ದು ಎಂದು ಆ ಕಾಯಿದೆ ಸಾರಿತು. ಅಂದರೆ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಅಂದಿನಿಂದಲೇ ನಮ್ಮಲ್ಲಿ ಕಂದಾಯ ಇಲಾಖೆಯ ವಿಷಯ. ಪಹಣಿಯಲ್ಲಿ ಈಗಲೂ ಹೊಳೆ ಬದಿಗೆ ‘ಪರಂಬೋಕು’ ಎಂದು ಬರುವುದು ಆ ಮದ್ರಾಸ್ ಕಾಲದ ಬಳುವಳಿಯೇ.

ದೂರ ಅಳೆದು ಹಕ್ಕು ಕೊಡುವ ಕ್ರಮವೂ ಇಲ್ಲಿ ಹೊಸತಲ್ಲ. ಕುಮ್ಕಿ ಗೊತ್ತಲ್ಲ? ಹಳೆಯ ವರ್ಗ, ಅಂದರೆ ಕಂದಾಯ ಕಟ್ಟುವ, ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಪಾಳು ನೆಲದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು ವರ್ಗದಾರನಿಗೆ ಇತ್ತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯೂ ಅದನ್ನು ಉಳಿಸಿಕೊಂಡಿತು. ಅಲ್ಲಿ 100 ಗಜ ಹಕ್ಕು ಕೊಡುತ್ತಿತ್ತು. ನಮ್ಮ ಕಾಲದ 100 ಮೀಟರ್ ಹಕ್ಕು ಕಿತ್ತುಕೊಂಡಿತು ಎಂದು ಹೊಳೆ ಬದಿಯವರು ಗೊಣಗುವುದನ್ನು ನಾನು ತುಂಬ ಕೇಳಿದ್ದೇನೆ.

ಹೊಳೆಯ ದಡವನ್ನು ನಿಜವಾಗಿ ಬದಲಾಯಿಸಿದ್ದು ಹಂಚಿನ ಕಾರ್ಖಾನೆಗಳು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ. ಕೆಲವೇ ವರ್ಷಗಳಲ್ಲಿ ಊರಿನವರೂ ಆ ಉದ್ಯಮಕ್ಕೆ ಇಳಿದರು. ಬೋಳಾರ, ಹೊಯಿಗೆ ಬಜಾರ್, ಬೋಳೂರಿನ ತನಕ ದಡದಲ್ಲಿ ಚಿಮಣಿಗಳು ಎದ್ದವು. ಕಾರ್ಖಾನೆ ನೀರಿನ ಅಂಚಿನಲ್ಲೇ ಇರಬೇಕಿತ್ತು: ಆವೆಮಣ್ಣು ದೋಣಿಯಲ್ಲಿ ಬರುವುದು, ಸೌದೆ ದೋಣಿಯಲ್ಲಿ ಬರುವುದು, ಸುಟ್ಟ ಹಂಚು ಮಂಜಿಗಳಲ್ಲಿ ಹೋಗುವುದು. ಮುರಕಲ್ಲಿನ ಗೋಡೆ ಕಟ್ಟಿ, ಹಿಂದೆ ಮಣ್ಣು ಹಾಕಿ, ಒಡೆದ ಹಂಚಿನ ಚೂರು ಸುರಿದು ಕೆಸರನ್ನು ನೆಲ ಮಾಡಿಕೊಂಡರು. ಆಗ ಅದು ಉದ್ಯೋಗ, ಅಭಿವೃದ್ಧಿ. ಅಲ್ಲಿ ಕೆಲಸ ಮಾಡಿದ ಸಾವಿರಾರು ಮನೆಗಳ ಒಲೆ ಉರಿದದ್ದೂ ಆ ಗೂಡುಗಳಿಂದಲೇ. ಇವತ್ತಿನ ಕಣ್ಣಿನಿಂದ ಅವರನ್ನು ಅಪರಾಧಿ ಮಾಡಲು ನಾನು ತಯಾರಿಲ್ಲ. ಆದರೆ ಆ ಗೋಡೆಗಳು ನೂರು ವರ್ಷ ಕಳೆದು ಇನ್ನೊಂದು ಕೆಲಸಕ್ಕೆ ಬಂದವು, ಆ ಮಾತಿಗೆ ಬರುತ್ತೇನೆ.

1981ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಕಡಲ ಕಿನಾರೆಯನ್ನು ಕಟ್ಟಡಗಳಿಂದ ಮುಕ್ತವಾಗಿಡಿ ಎಂದು. ಇದೇ ಇಂದಿರಾ ಗಾಂಧಿ 1975ರ ಜನವರಿಯಲ್ಲಿ ಪಣಂಬೂರಿಗೆ ಬಂದು ನವಮಂಗಳೂರು ಬಂದರನ್ನು ಉದ್ಘಾಟಿಸಿದ್ದರು. ಕಿನಾರೆಯನ್ನೇ ಅಗೆದು ಒಳಗೆ ನೀರು ತಂದು ಮಾಡಿದ ಬಂದರು ಅದು. ಉಳ್ಳಾಲ ಶ್ರೀನಿವಾಸ ಮಲ್ಯರ ಕನಸು. ಆ ಸುತ್ತಿನ ಒಕ್ಕಲುಗಳು ಕಾಟಿಪಳ್ಳ, ಕೃಷ್ಣಾಪುರಕ್ಕೆ ಎದ್ದುಹೋದವು. ಒಂದೇ ಕೈ ಏಳು ವರ್ಷಗಳೊಳಗೆ ಎರಡನ್ನೂ ಮಾಡಿತು. ಇದನ್ನು ವಿರೋಧಾಭಾಸ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಿನಾರೆ ಹೋಗುವುದನ್ನು ಕಂಡವರಿಗೇ ಕಿನಾರೆಯ ಚಿಂತೆ ಹತ್ತುವುದು.

ಆ ಪತ್ರ 1991ರ ಫೆಬ್ರವರಿ 19ರಂದು ಕಾನೂನಾಯಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅದು. ಸಮುದ್ರದಿಂದ 500 ಮೀಟರ್. ಉಬ್ಬರವಿಳಿತ ಇರುವ ಹೊಳೆ, ಹಿನ್ನೀರುಗಳ ಎರಡೂ ದಡದಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಪತ್ರ ಬರೆದದ್ದು ಕಡಲ ಕಿನಾರೆಗಾಗಿ. ಮಂಗಳೂರು ಪೇಟೆಯ ಮುಂದೆ ಇರುವುದು ಕಡಲಲ್ಲ, ಹೊಳೆ. ದಕ್ಷಿಣಕ್ಕೆ ನೇತ್ರಾವತಿ. ಉತ್ತರದಿಂದ ಬರುವ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕೂಳೂರು ದಾಟಿ ಕಡಲ ಹತ್ತಿರ ಬಂದರೂ ನೇರ ಕಡಲಿಗೆ ಬೀಳದೆ ದಕ್ಷಿಣಕ್ಕೆ ತಿರುಗುತ್ತದೆ. ತಣ್ಣೀರುಬಾವಿ, ಬೆಂಗ್ರೆಯ ಮರಳಪಟ್ಟಿ ಒಂದು ಕಡೆ, ಸುಲ್ತಾನ್ ಬತ್ತೇರಿ, ಬೊಕ್ಕಪಟ್ಣ, ಹಳೇ ಬಂದರು ಇನ್ನೊಂದು ಕಡೆ. ಹಾಗೆಯೇ ಹರಿದು ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಇಷ್ಟು ಉದ್ದದ ದಡದಲ್ಲಿ ಅಧಿಸೂಚನೆಯ ಆ ‘100 ಮೀಟರ್ ಅಥವಾ ಅಗಲ’ ಎಂಬ ಸಾಲು ಬಂದು ಕೂತಿತು.

ಆ ಸಾಲಿನ ಪಾಡು ಕೇಳಿ. 1994ರಲ್ಲಿ ಕೇಂದ್ರವೇ ತಿದ್ದುಪಡಿ ಮಾಡಿ ಹೊಳೆ ದಡದ 100 ಮೀಟರನ್ನು 50ಕ್ಕೆ ಇಳಿಸಿತು. 1996ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಆ ಇಳಿಕೆಯನ್ನು ಹೊಡೆದುಹಾಕಿತು. ವಲಯದ ಯೋಜನೆಯನ್ನೇ ಸಲ್ಲಿಸದೆ ಕೂತಿದ್ದ ರಾಜ್ಯಗಳಿಗೆ ಬಿಸಿ ಮುಟ್ಟಿಸಿತು. 2011ರ ಹೊಸ ಅಧಿಸೂಚನೆ 100ನ್ನೇ ಇಟ್ಟುಕೊಂಡಿತು. 2019ರ ಜನವರಿಯ ಅಧಿಸೂಚನೆ ಮತ್ತೆ 50 ಎಂದಿತು. ಇಷ್ಟರ ನಡುವೆ 75 ಮೀಟರ್ ದೂರದಲ್ಲಿ ಜಾಗ ಇದ್ದವನ ಗತಿ ಏನು? ಒಂದೇ ಜಾಗ ನಾಲ್ಕು ಸಲ ಒಳಗೆ ಹೊರಗೆ ಆಯಿತು. ಮೊದಲ ನಕ್ಷೆಗಳಂತೂ ಒರಟು. 1:25,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 25 ಮೀಟರ್. ಪೆನ್ಸಿಲ್ ಮೊಂಡಾಗಿದ್ದರೆ ಒಂದು ಮನೆ, ಬಾವಿ, ದನದ ಕೊಟ್ಟಿಗೆ ಗೆರೆಯ ದಪ್ಪದೊಳಗೇ ಮಾಯ.

ಅಧಿಸೂಚನೆ ವಲಯವನ್ನು ವರ್ಗಗಳಾಗಿ ಹಂಚಿತ್ತು; ಪೇಟೆಯೊಳಗೆ, ಮೊದಲೇ ಕಟ್ಟಡ ತುಂಬಿದ ಜಾಗ ಎರಡನೇ ವರ್ಗ. ಅಲ್ಲಿನ ನಿಯಮ: 1991ಕ್ಕೆ ಮೊದಲಿದ್ದ ರಸ್ತೆಯೋ ಅಧಿಕೃತ ಕಟ್ಟಡವೋ ನೀರಿನ ಕಡೆಗಿದ್ದರೆ ಅದರ ಹಿಂದೆ, ನೆಲದ ಕಡೆಗೆ, ಹೊಸತು ಕಟ್ಟಬಹುದು. ಈಗ ಹಂಚಿನ ಕಾರ್ಖಾನೆಯ ಗೋಡೆ ನೆನಪಿಗೆ ಬಂತಲ್ಲ? ಕಾಂಕ್ರೀಟಿನ ಮನೆಗಳು ಹೆಚ್ಚಾಗಿ ಹಂಚಿಗೆ ಗಿರಾಕಿ ಇಲ್ಲದೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಗೂಡು ತಣ್ಣಗಾಯಿತು, ಜಾಗ ಬಿಸಿಯಾಯಿತು. ಅಂಥ ಒಂದು ಜಾಗದ ಅಳತೆಗೆ ಹೋಗಿದ್ದೆ. ಮಾಡು ಕುಸಿದಿತ್ತು, ಒಣಗಿಸುವ ಹಲಗೆಗಳನ್ನು ಗೆದ್ದಲು ತಿಂದಿತ್ತು, ಹೊಳೆ ಬದಿಯ ಮುರಕಲ್ಲಿನ ಗೋಡೆ ಮಾತ್ರ ಗಟ್ಟಿಯಾಗಿತ್ತು. ಉಬ್ಬರದ ನೀರು ಅದರ ಬುಡದಲ್ಲಿ ಕಪ್ಪು ಪಟ್ಟಿ ಬರೆದಿತ್ತು. ಪಟ್ಟಿಯ ಮೇಲೆ ಸಿಂಪಿ ಚಿಪ್ಪು ಅಂಟಿತ್ತು. ಟೇಪಿನ ತುದಿ ಹಿಡಿಯಲು ಬಂದ ಹುಡುಗ ಮೊಣಕಾಲಿನ ತನಕ ಕೆಸರಿನಲ್ಲಿ ಹೂತುಹೋದ. ಮೇಲೆ ಒಣ ನೆಲದಲ್ಲಿ ನಿಂತ ಜಾಗದ ಯಜಮಾನರು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: ‘ಆ ಗೋಡೆ ಬೀಳದ ಹಾಗೆ ನೋಡಿಕೊಳ್ಳಿ ಮಾರಾಯ್ರೆ, ಅದು ಬಿದ್ದರೆ ನಾನು ಬಿದ್ದ ಹಾಗೆ.’ ಅವರ ಹತ್ತಿರ ಗೋಡೆಗೆ ಕಾಗದವಿತ್ತು: ಲೈಸೆನ್ಸು, ತೆರಿಗೆ ರಶೀದಿ, ಬ್ರಿಟಿಷರ ಕಾಲದ ಸರ್ವೆ ಸ್ಕೆಚ್ಚು. ಕಾನೂನಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಅದೇ ಸುಮಾರಿಗೆ ಕೂಳೂರು ಕಡೆಯಿಂದ ಒಬ್ಬಾಕೆ ಬಂದರು. ಬೀಡಿ ಕಟ್ಟುವವರು. ಮನೆ ಮಳೆಗೆ ಒರಗಿದೆ, ಇದ್ದ ಜಾಗದಲ್ಲೇ ಕಟ್ಟಬೇಕು. ಹೊಳೆಯಿಂದ ಅಂದಾಜು ಮೂವತ್ತು ಹೆಜ್ಜೆ. ಹಳೇ ಮನೆ ಇದ್ದಲ್ಲಿ ಪುನಃ ಕಟ್ಟಲು ಅವಕಾಶ ಉಂಟು, ಆದರೆ ಅದು ಹಳೇ ಮನೆ ಎಂದು ತೋರಿಸಬೇಕು. ಸೆರಗಿನ ಗಂಟು ಬಿಚ್ಚಿ ಅವರು ಮೇಜಿನ ಮೇಲೆ ಹರಡಿದ್ದು ಬೀಡಿ ಕಂಪೆನಿಯ ಪಾಸ್‌ಬುಕ್ಕು, ರೇಶನ್ ಕಾರ್ಡು, ಮಗನ ಶಾಲೆಯ ಟಿಸಿ.

‘ಅಕ್ಕ, ಮನೆ ತೆರಿಗೆ ಕಟ್ಟಿದ ರಶೀದಿ ಇಲ್ಲವಾ?’

‘ಉಂಟು ಎಂಜಿನಿಯರ್ರೇ, ತೊಂಬತ್ತನಾಲ್ಕರದ್ದು. ಅದಕ್ಕಿಂತ ಹಿಂದಿನದ್ದು ನೆರೆ ನೀರಿಗೆ ಹೋಯಿತು.’

ಕಚೇರಿಯ ರಿಜಿಸ್ಟರು ಸಿಗಲಿಲ್ಲ. ಕೊನೆಗೆ ಕೈಹಿಡಿದದ್ದು ಎಂಬತ್ತರ ದಶಕದ ಭಾಗ್ಯಜ್ಯೋತಿ. ಒಂದೇ ಬಲ್ಬಿನ ಆ ಸಂಪರ್ಕ ಕೊಟ್ಟ ತಾರೀಕಿನ ಚೀಟಿ ದೇವರ ಪಟದ ಹಿಂದೆ ಸಿಕ್ಕಿಕೊಂಡಿತ್ತು. ಅದನ್ನು ಒಪ್ಪಿಸಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ದೊಡ್ಡ ಗೋಡೆ ಮತ್ತು ಒಂದು ಬಲ್ಬು, ಎರಡೂ ಒಂದೇ ತಾರೀಕಿನ ಎದುರು ಸಾಕ್ಷಿ ಹೇಳಬೇಕು. ಗೋಡೆಗೆ ವಕೀಲರಿದ್ದಾರೆ.

ತಾರೀಕಿನ ಆಟ ಮನೆಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ಹಿರಿಯರು ಬೈಲಿನ ಗದ್ದೆಗೆ ಉಪ್ಪುನೀರು ಬರದಂತೆ ತೋಡಿಗೆ ಕಟ್ಟ ಹಾಕುತ್ತಿದ್ದರು. 2019ರ ಅಧಿಸೂಚನೆಯ ಪ್ರಕಾರ 1991ರ ಫೆಬ್ರವರಿ 19ಕ್ಕೆ ಮೊದಲು ಇದ್ದ ಕಟ್ಟವಾದರೆ ಉಬ್ಬರದ ಗೆರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲಿನದ್ದಾದರೆ ಈ ರಿಯಾಯಿತಿ ಇಲ್ಲ. ಮಣ್ಣಿನ ಕಟ್ಟಕ್ಕೆ ಯಾವ ರಶೀದಿ ತರುವುದು? ಉಪ್ಪುನೀರು ಎಲ್ಲಿಯವರೆಗೆ ಎಂಬುದಕ್ಕೂ ಲೆಕ್ಕ ಉಂಟು: ವರ್ಷದ ಅತಿ ಒಣ ಕಾಲದಲ್ಲಿ ಸಾವಿರ ಪಾಲು ನೀರಿಗೆ ಐದು ಪಾಲು ಉಪ್ಪು ಇರುವಲ್ಲಿಯವರೆಗೆ ವಲಯ. ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುವವರಿಗೆ ಈ ಲೆಕ್ಕ ನಾಲಗೆಯಲ್ಲೇ ತಿಳಿದಿರುತ್ತದೆ.

ನಿಯಮ ಬಂದ ಮೇಲೂ ಹೊಳೆ ಸುಮ್ಮನಿರಲಿಲ್ಲ. 2001ರಲ್ಲಿ ತಣ್ಣೀರುಬಾವಿಯಲ್ಲಿ ಗುರುಪುರ ಹೊಳೆಯ ಮೇಲೆ ತೇಲುವ ಬಾರ್ಜಿನಲ್ಲೇ 220 ಮೆಗಾವಾಟಿನ ವಿದ್ಯುತ್ ಸ್ಥಾವರ ಬಂತು. ಕೆಲವು ವರ್ಷ ಉರಿದು ಕಾಕಿನಾಡಕ್ಕೆ ಹೋಯಿತು. ಮನೆಯ ಜಗಲಿಗೆ ಅನುಮತಿ ಸಿಗದೆ ಅಲೆದವರು ಅದನ್ನು ದಡದಲ್ಲಿ ನಿಂತು ನೋಡಿದರು. ಮರಳಿನ ಕತೆ ಬೇರೆ ಲೇಖನಕ್ಕಾಗುವಷ್ಟು ಉಂಟು. ವಲಯದೊಳಗೆ ಮರಳು ಗಣಿಗಾರಿಕೆ ಇಲ್ಲ, ಆದರೆ 2011ರ ನಂತರ ಸಾಂಪ್ರದಾಯಿಕ ದೋಣಿಯವರು ಮರಳ ದಿಬ್ಬ ತೆರವು ಮಾಡಬಹುದಾಗಿತ್ತು, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಏಳು ಮಂದಿಯ ಸಮಿತಿ ಪರ್ಮಿಟ್ ಕೊಡುತ್ತಿತ್ತು. ಈಚೆಗೆ ಸ್ಮಾರ್ಟ್ ಸಿಟಿ ಹಣದಲ್ಲಿ ನೇತ್ರಾವತಿ ದಡದಲ್ಲಿ ನಡೆದಾಡುವ ದಾರಿ ಮಾಡಲು ಹೊರಟಾಗ ದಡದ ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು.

ಕಾಂಡ್ಲಾದ ಬಗ್ಗೆ ನನ್ನ ನಿಲುವು ಸ್ಪಷ್ಟ. ಆ ಕೆಸರು ಬೇಕು. ಏಡಿ, ಸಿಗಡಿ, ಮರುವಾಯಿ ಹುಟ್ಟುವುದು ಅಲ್ಲಿ. ನೆರೆಯ ನೀರು ಹರಡಿಕೊಳ್ಳುವುದು ಅಲ್ಲಿ. ಗುಡ್ಡ ಕಡಿದು ಕೆಂಪುಮಣ್ಣು ತಂದು ಬೈಲು ತುಂಬಿಸಿದ ಊರು ಜೂನ್ ತಿಂಗಳಲ್ಲಿ ಹೇಗಿರುತ್ತದೆ ಎಂದು ನೋಡಬೇಕಾದರೆ ಕೊಟ್ಟಾರ ಚೌಕಿಗೆ ಹೋಗಿ ನಿಂತರಾಯಿತು. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ನಮ್ಮ ಅಳಿವೆಗೆ ಅಂಥ ಬಿರುದು ಇಲ್ಲ. ದೇಶದ ಜೌಗುಭೂಮಿ ನಿಯಮಗಳು ಕೂಡ ಕರಾವಳಿ ವಲಯದೊಳಗಿನ ನೆಲವನ್ನು ಹೊರಗಿಟ್ಟಿವೆ. ಇರುವ ಕಾವಲು ಈ ಒಂದು ಗೆರೆ. ಅದು 100ರಿಂದ 50ಕ್ಕೆ ಇಳಿದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ, ನನ್ನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಅದರಿಂದ ಲಾಭವಾಗಿದ್ದರೂ. ಸಾವಿರ ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಬಿಡಬೇಕೆಂಬ ಮಾತು ನಿಯಮದಲ್ಲಿ ಉಳಿದಿದೆ, ಅಷ್ಟು ಸಮಾಧಾನ. ಚಿಕ್ಕ ಚಿಕ್ಕ ಗುಂಪಾಗಿ ಬೆಳೆದ ಕಾಂಡ್ಲಾಕ್ಕೆ ಆ ಅಂಚೂ ಇಲ್ಲ.

ಈಗಿನ ನಕ್ಷೆಗಳು ಹಿಂದಿನವುಗಳಿಗಿಂತ ಎಷ್ಟೋ ವಾಸಿ. ಕರಾವಳಿ ನಿರ್ವಹಣೆಗೆಂದು ಚೆನ್ನೈನಲ್ಲಿರುವ ರಾಷ್ಟ್ರೀಯ ಕೇಂದ್ರ ಉಬ್ಬರದ ಗೆರೆಯನ್ನು ಗುರುತಿಸಿದೆ, ಸರ್ವೆ ನಂಬರಿನ ಮೇಲೆ ಗೆರೆ ಕೂರಿಸಿ ನೋಡಬಹುದು. ಹೊಳೆ ಬದಿಯಲ್ಲಿ ಜಾಗ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಅದನ್ನು ನೋಡಿ. ಬ್ರೋಕರಿನ ಬಾಯಿಮಾತು ನಂಬಬೇಡಿ. ಅಲ್ಲೇ ಹುಟ್ಟಿ ಬೆಳೆದವರು ಹಳೆಯ ತೆರಿಗೆ ರಶೀದಿ, ಕರೆಂಟು ಬಿಲ್ಲು, ಮನೆ ನಂಬರಿನ ತಗಡು ಯಾವುದನ್ನೂ ಎಸೆಯಬೇಡಿ. ಮತ್ತು ನಗರಪಾಲಿಕೆ, ಪಂಚಾಯಿತಿಗಳಲ್ಲಿ ನನ್ನದೊಂದು ವಿನಂತಿ: 1991ಕ್ಕಿಂತ ಹಿಂದಿನ ಮನೆ ತೆರಿಗೆ ರಿಜಿಸ್ಟರುಗಳಲ್ಲಿ ಗೆದ್ದಲು ತಿನ್ನದೆ ಉಳಿದವನ್ನು ಸ್ಕ್ಯಾನ್ ಮಾಡಿಸಿ, ಅರ್ಜಿ ಇಲ್ಲದೆ ಯಾರು ಬೇಕಾದರೂ ನೋಡುವಂತೆ ಇಡಿ.