ಕುಣಿವ ಕರಡಿ, ಗಾಯದ ಕರಡಿ

ದರೋಜಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಜ್ಜನಿಗೆ ಕರಡಿ ಎಂದರೆ ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೊರಟಾಗ ಕೈಯಲ್ಲಿರಬೇಕಾದ ಬಡಿಗೆ, ಗಂಟಲಲ್ಲಿರಬೇಕಾದ ಕೂಗು. 1993ರ ಭಾನುವಾರದ ಬೆಳಿಗ್ಗೆಗಳಲ್ಲಿ ನಾವು ಹುಡುಗರೆಲ್ಲ ದೂರದರ್ಶನದ ಮುಂದೆ ಸಾಲಾಗಿ ಕೂತು, ಅರ್ಧಂಬರ್ಧ ತಿಳಿಯುವ ಹಿಂದಿಯಲ್ಲಿ ಬಲೂ ಎಂಬ ಕರಡಿ ತೋಳಗಳು ಸಾಕಿದ ಹುಡುಗ ಮೋಗ್ಲಿಗೆ ಪಾಠ ಹೇಳುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಅಜ್ಜ ಬಾಗಿಲ ಚೌಕಟ್ಟಿಗೆ ಒರಗಿ ಎರಡು ನಿಮಿಷ ನಿಲ್ಲುತ್ತಿದ್ದರು. ‘ಕರಡಿ ಹಿಂಗ ಬುದ್ಧಿ ಹೇಳೂದಿದ್ರ ನಾವ್ಯಾಕ ಬಡಿಗಿ ಹಿಡಕೊಂಡು ಅಡ್ಡಾಡ್ತಿದ್ವಿ?’ ಎಂದು ಒಳಗೆ ಹೋಗುತ್ತಿದ್ದರು.

ಇಪ್ಪತ್ತೈದು ವರ್ಷದ ಮೇಲೆ, 2018ರ ಡಿಸೆಂಬರಿನಲ್ಲಿ, ಅದೇ ಬಲೂವನ್ನು ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದೆ. ಮುಖದ ತುಂಬ ಗಾಯದ ಕಲೆ, ಗೊಗ್ಗರು ದನಿ, ಮರಿಗಳನ್ನು ಗದರಿಸಿ ಓಡಿಸಿ ಪಳಗಿಸುವ ಹಳೇ ಗರಡಿ ಉಸ್ತಾದನ ವರಸೆ. ಆ್ಯಂಡಿ ಸರ್ಕಿಸ್ ನಿರ್ದೇಶಿಸಿ, ತಾನೇ ಬಲೂ ಆಗಿ ನಟಿಸಿದ ‘ಮೋಗ್ಲಿ: ಲೆಜೆಂಡ್ ಆಫ್ ದಿ ಜಂಗಲ್’ ಅದು. ಅಜ್ಜ ಇದ್ದಿದ್ದರೆ ಈ ಕರಡಿಯ ಗುರುತು ಹಿಡಿಯುತ್ತಿದ್ದರು.

ಬಾಲ್ಯದ ಕಾರ್ಟೂನುಗಳೆಲ್ಲ ಈಗ ಹೀಗೆ ಮಸಿ ಬಳಿದುಕೊಂಡು ಮರಳಿ ಬರುತ್ತಿವೆ ಎಂಬ ಗೊಣಗಾಟ ಎಲ್ಲೆಡೆ ಇದೆ. ನಮ್ಮ ನೆನಪಿನ ಬಣ್ಣ ಕೆಡಿಸಿದರು ಎಂದು ನನ್ನ ವಾರಗೆಯವರು ಬೇಸರಿಸುತ್ತಾರೆ. ಮೋಗ್ಲಿ ಪರದೆಗೆ ಬಂದು ಎಂಬತ್ತು ವರ್ಷ ಕಳೆದಿದೆ. ಅಷ್ಟನ್ನೂ ಸಾಲಾಗಿ ಇಟ್ಟು ನೋಡಿದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಕತ್ತಲೆ ಮೊದಲೇ ಇತ್ತು, ದೀಪ ಹಚ್ಚಿದ್ದು ನಡುವೆ.

ಮೂಲಕ್ಕೆ ಹೋಗೋಣ. ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ‘ದಿ ಜಂಗಲ್ ಬುಕ್’ ಬರೆದದ್ದು ಅಮೆರಿಕದ ವರ್ಮಾಂಟಿನ ಹಿಮದಲ್ಲಿ ಕೂತು. ಪುಸ್ತಕ ಬಂದದ್ದು 1894ರಲ್ಲಿ, ಎರಡನೆಯ ಭಾಗ ಮರುವರ್ಷ. ಮಧ್ಯಭಾರತದ ಸಿಯೋನಿ ಕಾಡನ್ನು ಕಟ್ಟಿದ್ದು ಬಹುಪಾಲು ಬೇರೆಯವರ ಬರಹದ ಆಧಾರದಿಂದ. ಅಲ್ಲಿಯ ಮೋಗ್ಲಿ ಹುಲಿ ಶೇರ್ ಖಾನನನ್ನು ಎಮ್ಮೆಗಳ ಕಾಲಡಿ ತುಳಿಸಿ ಕೊಲ್ಲುತ್ತಾನೆ, ಚರ್ಮ ಸುಲಿದು ತೋಳಗಳ ಪಂಚಾಯ್ತಿ ಬಂಡೆಯ ಮೇಲೆ ಹಾಸುತ್ತಾನೆ. ಸೀಳುನಾಯಿಗಳ ಹಿಂಡಿನೊಡನೆ ಕಾದಾಡಿ ಮುದಿ ತೋಳ ಅಕೇಲಾ ಸಾಯುತ್ತದೆ. ಪಾಠ ತಪ್ಪಿದರೆ ಬಲೂ ಹುಡುಗನಿಗೆ ಮೈ ಬಾವು ಬರುವಂತೆ ಬಡಿಯುತ್ತದೆ, ಕರಿಚಿರತೆ ಬಘೀರಾ ಅದಕ್ಕೆ ತಕರಾರು ತೆಗೆಯುತ್ತದೆ. ಇಷ್ಟೆಲ್ಲ ಇದ್ದೂ ಅದು ಮಕ್ಕಳ ಪುಸ್ತಕ.

ಪರದೆಯ ಮೋಗ್ಲಿಯ ಮೊದಲ ಹೆಜ್ಜೆ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಿಂದಲೇ ಶುರು ಎಂಬುದು ನನಗೆ ಈಗಲೂ ಪುಳಕದ ಸಂಗತಿ. ಕಬಿನಿ ದಡದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಮೈಸೂರು ಸೀಮೆಯಲ್ಲಿ ಚಿತ್ರೀಕರಿಸಿದ ‘ಎಲಿಫೆಂಟ್ ಬಾಯ್’ (1937) ಮೂಲಕ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಆ ಚಿತ್ರದ ಕಥೆಯೂ ‘ಜಂಗಲ್ ಬುಕ್’ನದೇ, ಆನೆಗಳ ಟೂಮೈಯದು. 1942ರಲ್ಲಿ ಝೋಲ್ಟಾನ್ ಕೊರ್ಡಾ ‘ಜಂಗಲ್ ಬುಕ್’ ತೆಗೆದಾಗ ಮೋಗ್ಲಿ ಸಾಬುವೇ. ಕಾಡು ಕ್ಯಾಲಿಫೋರ್ನಿಯಾದ್ದು, ಹೆಬ್ಬಾವು ಯಂತ್ರದ್ದು, ಆದರೆ ಆನೆಯ ಪಕ್ಕದಲ್ಲಿ ನಿಲ್ಲುವ ಹುಡುಗನ ಸಲೀಸು ಅಪ್ಪಟ ಕಬಿನಿಯದು. ಆ ಚಿತ್ರದ ತಿರುಳು ದುರಾಸೆ. ಪಾಳುನಗರಿಯ ನಿಧಿಯ ಬೆನ್ನುಹತ್ತಿದ ಮೂವರು ಊರವರು ಒಬ್ಬರನ್ನೊಬ್ಬರು ಮುಗಿಸಲು ಹೊರಡುತ್ತಾರೆ, ಕೊನೆಗೆ ಕಾಡಿಗೆ ಬೆಂಕಿ. ಯುದ್ಧದ ನಡುವೆ ಬಂದ ಚಿತ್ರಕ್ಕೆ ಆ ಕಪ್ಪು ಅಸಹಜ ಅನ್ನಿಸಿರಲಿಕ್ಕಿಲ್ಲ.

ಬೆಳಕು ಬಂದದ್ದು ಡಿಸ್ನಿಯಿಂದ. ಅದೂ ಬೇಕೆಂದೇ ತಂದ ಬೆಳಕು. ಕಥೆಗಾರ ಬಿಲ್ ಪೀಟ್ ಕಿಪ್ಲಿಂಗ್‌ಗೆ ಹತ್ತಿರವಾದ, ಗಂಭೀರವಾದ ಚಿತ್ರಕಥೆ ಮಾಡಿದ್ದ. ವಾಲ್ಟ್ ಡಿಸ್ನಿಗೆ ಒಗ್ಗಲಿಲ್ಲ. ಇಬ್ಬರಿಗೂ ಮಾತಿಗೆ ಮಾತು ಬೆಳೆದು ಪೀಟ್ ಸ್ಟುಡಿಯೋ ಬಿಟ್ಟ. ಅದಾದ ಮೇಲೆ ಡಿಸ್ನಿ ತನ್ನವರನ್ನು ಕೂರಿಸಿಕೊಂಡು, ಪುಸ್ತಕ ಓದಿದ್ದೀರಾ ಎಂದು ಕೇಳಿ, ಇಲ್ಲವೆಂದವರಿಗೆ ಓದಲೇಬೇಡಿ ಎಂದನಂತೆ; ಹಾಡು ಕಟ್ಟಿದ ಶೆರ್ಮನ್ ಸೋದರರು ಮುಂದೆ ಹೇಳಿಕೊಂಡ ಪ್ರಸಂಗ ಇದು. ಟೆರಿ ಗಿಲ್ಕಿಸನ್ ಕಟ್ಟಿದ್ದ ಹಳೆಯ ಹಾಡುಗಳಲ್ಲಿ ಉಳಿದದ್ದು ಒಂದೇ, ಬಲೂ ಬೆನ್ನು ಉಜ್ಜಿಕೊಳ್ಳುತ್ತ ಹಾಡುವುದು. ಚಿತ್ರದಲ್ಲಿ ಜನರ ಮನಸ್ಸಿಗೆ ಅಂಟಿ ನಿಂತದ್ದೂ ಅದೇ. 1966ರ ಡಿಸೆಂಬರಿನಲ್ಲಿ ಡಿಸ್ನಿ ತೀರಿಕೊಂಡ, ಚಿತ್ರ 1967ರ ಅಕ್ಟೋಬರಿನಲ್ಲಿ ಬಂತು.

ನಗಿಸಲು ಕಥೆಯ ಕೀಲುಗಳನ್ನೇ ಕಳಚಿ ಜೋಡಿಸಿದರು. ಕಿಪ್ಲಿಂಗ್‌ನಲ್ಲಿ ಮೋಗ್ಲಿಯ ಗೆಳೆಯನೂ ಹಿರಿಯನೂ ಆದ ಹೆಬ್ಬಾವು ಕಾ, ಇಲ್ಲಿ ಕಣ್ಣು ತಿರುಗಿಸಿ ಮಂಕುಬೂದಿ ಎರಚುವ ಕೋಡಂಗಿ ಖಳ. ಭಾರತದಲ್ಲಿ ಇಲ್ಲದ, ಪುಸ್ತಕದಲ್ಲೂ ಇಲ್ಲದ ಒರಾಂಗುಟಾನ್ ಒಂದು ಜಾಝ್ ಹಾಡುತ್ತ ವಾನರರಾಜನಾಯಿತು. ಬಡಿದು ಕಲಿಸುತ್ತಿದ್ದ ಬಲೂ ಕೆಲಸಗಳ್ಳ ಚಿಕ್ಕಪ್ಪನಾದ. ಹಾಗೆಂದು ಇದನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಚಿತ್ರದ ನಡಿಗೆಗಳನ್ನು ನೋಡಿ: ಆನೆಗಳ ಕವಾಯತು, ಜಾರ್ಜ್ ಸ್ಯಾಂಡರ್ಸ್‌ನ ಸುಸಂಸ್ಕೃತ ಕಂಠದಲ್ಲಿ ಶೇರ್ ಖಾನ್ ಉಗುರು ನೋಡಿಕೊಳ್ಳುವ ಠೀವಿ. ಗೆರೆಯಲ್ಲಿ ಇಷ್ಟು ಪ್ರಾಣ ತುಂಬಿದವರು ಕಡಿಮೆ. ಆದರೆ ಕೊಡ ಹೊತ್ತ ಹುಡುಗಿಯೊಬ್ಬಳು ಓರೆಗಣ್ಣಿಂದ ನೋಡಿದ್ದೇ ಮೋಗ್ಲಿ ಕಾಡು ಬಿಟ್ಟು ಅವಳ ಹಿಂದೆ ಊರಿಗೆ ಹೋಗುವ ಮುಕ್ತಾಯವಿದೆಯಲ್ಲ, ಅದು ಮಾತ್ರ ಎರಡು ಲೋಕಗಳ ನಡುವೆ ಹರಿದುಹೋದ ಹುಡುಗನ ಸಂಕಟಕ್ಕೆ ಅಂಟಿಸಿದ ಅಗ್ಗದ ತೇಪೆ.

ಅದೇ ವರ್ಷ ಮಾಸ್ಕೋದ ಸೊಯುಝ್‌ಮುಲ್ಟ್‌ಫಿಲ್ಮ್ ಸ್ಟುಡಿಯೋದಲ್ಲಿ ರೋಮನ್ ದವಿದೋವ್ ‘ಮಾವುಗ್ಲಿ’ ಆರಂಭಿಸಿದ. 1971ರವರೆಗೆ ಐದು ಭಾಗ. ಅಲ್ಲಿ ಬಘೀರಾ ಹೆಣ್ಣು, ಕಾ ಜ್ಞಾನವೃದ್ಧ, ಸೀಳುನಾಯಿಗಳ ಯುದ್ಧವೂ ಉಂಟು. ಡಿಸ್ನಿಯನ್ನಷ್ಟೇ ಕಂಡವರು ಇದನ್ನು ನೋಡಿದರೆ ಯಾರೋ ಮೊನ್ನೆ ಮಾಡಿದ ‘ಡಾರ್ಕ್’ ಆವೃತ್ತಿ ಎಂದುಕೊಳ್ಳಬೇಕು. 1976ರಲ್ಲಿ ಅಮೆರಿಕದ ಟಿ.ವಿ.ಗೆ ಚಕ್ ಜೋನ್ಸ್ ಮಾಡಿದ ‘ಮೋಗ್ಲೀಸ್ ಬ್ರದರ್ಸ್’ ಅರ್ಧ ಗಂಟೆಯದು, ಮೂಲಕ್ಕೆ ನಿಷ್ಠ. 1994ರಲ್ಲಿ ಡಿಸ್ನಿಯೇ ನಟರನ್ನಿಟ್ಟು ತೆಗೆದದ್ದು ಮೋಗ್ಲಿಯ ಹೆಸರು ಹೊತ್ತ ಸಾಹಸಚಿತ್ರ, ಅಷ್ಟೇ.

ಇನ್ನು ನಮ್ಮ ಭಾನುವಾರದ ಮೋಗ್ಲಿ. ಅದು ಡಿಸ್ನಿಯದಲ್ಲ, ಜಪಾನಿನ ನಿಪ್ಪಾನ್ ಆ್ಯನಿಮೇಶನ್ 1989-90ರಲ್ಲಿ ತಯಾರಿಸಿದ 52 ಕಂತುಗಳ ಸರಣಿ. ಅದಕ್ಕೆ ಗುಲ್ಜಾರರ ಸಾಹಿತ್ಯ, ವಿಶಾಲ್ ಭಾರದ್ವಾಜರ ರಾಗದ ಶೀರ್ಷಿಕೆ ಗೀತೆ ಸೇರಿದ್ದು ಹಿಂದಿಯಲ್ಲಿ. ಶೇರ್ ಖಾನನಿಗೆ ನಾನಾ ಪಾಟೇಕರ್ ಕಂಠ. ಭಾಷೆ ಪೂರ್ತಿ ತಿಳಿಯದಿದ್ದರೂ ಆ ಕಂಠ ಬಂದೊಡನೆ ನಮ್ಮ ತಂಗಿ ಅಮ್ಮನ ಸೆರಗಿನೊಳಗೆ. ನಾವು ಗಂಡುಹುಡುಗರು ಮೋಗ್ಲಿಯ ಬೂಮರಾಂಗಿನಂತೆ ತೆಂಗಿನ ಗರಿಯ ಬುಡ ಕೆತ್ತಿ ಎಸೆದು, ಅದು ತಿರುಗಿ ಬಾರದೆ ಪಕ್ಕದ ಮನೆಯ ಹಂಚು ಒಡೆದು ಏಟು ತಿಂದದ್ದುಂಟು. ವಾರವಾರ ಬರುವ ಧಾರಾವಾಹಿಗೆ ಒಂದು ಅನುಕೂಲವಿತ್ತು: ದುಃಖಕ್ಕೂ ಪುರುಸೊತ್ತು. ಒಂದು ಸಾವಾದರೆ ಮುಂದಿನ ಭಾನುವಾರದವರೆಗೆ ಅದನ್ನು ಹೊತ್ತು ತಿರುಗಬೇಕಿತ್ತು. ಆ ಸರಣಿ ಹಗುರವೂ ಅಲ್ಲ, ಕರಾಳವೂ ಅಲ್ಲ. ಕೆಂಪು ಪಾಂಡಾ ಕೀಚಿಯ ತುಂಟತನದ ಪಕ್ಕದಲ್ಲೇ ಹಸಿವು, ಭಯ, ಗಡೀಪಾರು ಇದ್ದವು. ನನ್ನ ವಾರಗೆಯವರು ‘ನಮ್ಮ ಕಾಲದ ಮುಗ್ಧ ಕಾರ್ಟೂನು’ ಎನ್ನುವಾಗ ಮುಗ್ಧವಾಗಿದ್ದದ್ದು ಕಾರ್ಟೂನೋ ನಾವೋ ಎಂಬ ಗುಮಾನಿ ನನಗೆ.

ಕತ್ತಲೆಯ ಈಗಿನ ಅಲೆಗೆ ಕಾರಣ ಒಂದಲ್ಲ. ಎಂಬತ್ತರ ದಶಕದ ಅಮೆರಿಕದ ಮಕ್ಕಳ ಟಿ.ವಿ.ಯಲ್ಲಿ ನಿಯಮಗಳ ಬೇಲಿ ಬಿಗಿಯಾಗಿತ್ತು. 1983ರ ‘ಹೀ-ಮ್ಯಾನ್’ನ ಕೈಯಲ್ಲಿ ಅಷ್ಟುದ್ದ ಕತ್ತಿ, ಒಬ್ಬನಿಗೂ ಗೀರು ಬೀಳಲಿಲ್ಲ. ಪ್ರತಿ ಕಂತಿನ ಬಾಲಕ್ಕೂ ನೀತಿಪಾಠ. ಅದನ್ನು ನೋಡಿದ ಮಕ್ಕಳು ದೊಡ್ಡವರಾಗಿ ತಾವೇ ಚಂದಾ ಕಟ್ಟುವ ಕಾಲಕ್ಕೆ, ಅದೇ ಹೀ-ಮ್ಯಾನ್‌ನ 2021ರ ನೆಟ್‌ಫ್ಲಿಕ್ಸ್ ಸರಣಿಯ ಮೊದಲ ಕಂತಿನಲ್ಲೇ ನಾಯಕ ಸತ್ತ. ಕೊಳ್ಳುವವನ ವಯಸ್ಸಿನ ಜೊತೆ ಕಥೆಯ ವಯಸ್ಸೂ ಏರಿತು. ಇನ್ನೊಂದು ಕಾರಣ ಕಂಪ್ಯೂಟರು. ಗೆರೆಯ ಹುಲಿ ಬಾಯಿ ತೆರೆದರೆ ನಗು ಬರಬಹುದು, ರೋಮರೋಮವೂ ಎದ್ದು ಕಾಣುವ ಹುಲಿ ಬಾಯಿ ತೆರೆದರೆ ಹೊಟ್ಟೆ ತಣ್ಣಗಾಗುತ್ತದೆ.

ಜಾನ್ ಫಾವ್ರೊ ಅವರ 2016ರ ‘ದಿ ಜಂಗಲ್ ಬುಕ್’ ಅದಕ್ಕೆ ಸಾಕ್ಷಿ. ಚಿತ್ರೀಕರಣ ಲಾಸ್ ಏಂಜಲೀಸ್‌ನ ಗೋಡೆಗಳೊಳಗೆ, ಬಾಲಕ ನೀಲ್ ಸೇಠಿಯೊಬ್ಬನನ್ನು ಬಿಟ್ಟರೆ ಕಾಡು, ಮೃಗ ಬಹುತೇಕ ಎಲ್ಲವೂ ಕಂಪ್ಯೂಟರಿನದು. ಅದನ್ನು ಹೆಣೆದ ಎಂಪಿಸಿ ಸಂಸ್ಥೆಯ ಕಲಾವಿದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಸ್ಟುಡಿಯೋದವರದು. ಆ ಕೆಲಸಕ್ಕೆ ಆಸ್ಕರ್ ಬಂತು. ಕಾರಾಪುರದ ಹುಡುಗ ಹಾಲಿವುಡ್ಡಿಗೆ ಹೋಗಿ ನಿಂತ ಕಾಡನ್ನು, ಮುಕ್ಕಾಲು ಶತಮಾನ ಕಳೆದ ಮೇಲೆ ಬೆಂಗಳೂರಿನ ಹವಾನಿಯಂತ್ರಿತ ಕೋಣೆಗಳಲ್ಲಿ ಕೂತವರು ಎಲೆಎಲೆಯಾಗಿ ಬೆಳೆಸಿದರು. ಹೀಗಿದ್ದೂ ಚಿತ್ರ ಇಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಎಂಬ ಆಗಿನ ಜಗಳದ ನಡುವೆ ಕನ್ನಡದ ಮಕ್ಕಳಿಗೆ ಮಾತ್ರ ಮತ್ತೆ ಪರಭಾಷೆಯ ಮೋಗ್ಲಿ. ಸೆನ್ಸಾರ್ ಮಂಡಳಿ ಅದಕ್ಕೆ ‘ಯು/ಎ’ ಕೊಟ್ಟು ನಗೆಪಾಟಲಾಯಿತು. ತ್ರೀಡಿಯಲ್ಲಿ ಪ್ರಾಣಿಗಳು ಮೈಮೇಲೆ ಬಂದಂತೆ ಹೆದರಿಸುತ್ತವೆ ಎಂಬುದು ಆಗಿನ ಅಧ್ಯಕ್ಷರ ಸಮರ್ಥನೆ. ನಾನೂ ನಕ್ಕಿದ್ದೆ. ಶೇರ್ ಖಾನ್ ಅಕೇಲಾನನ್ನು ಕಚ್ಚಿ ಬಂಡೆಯಾಚೆ ಎಸೆದಾಗ ಪಕ್ಕದ ಸೀಟಿನ ಪುಟ್ಟ ಹುಡುಗ ಹೊರಗೆ ಹೋಗೋಣವೆಂದು ಅಪ್ಪನ ಅಂಗಿ ಎಳೆಯತೊಡಗಿದ ಮೇಲೆ ನಗು ನಿಂತಿತು. ಇಷ್ಟಾದರೂ ಫಾವ್ರೊ ಹಳೆಯ ಹಾಡುಗಳನ್ನು ಬಿಡಲಾರದೆ ನಡುವೆ ಸಿಕ್ಕಿಸಿದರು. ಹುಲಿಯ ಭಯಕ್ಕೂ ಬಲೂನ ಹಾಡಿಗೂ ನಡುವೆ ಚಿತ್ರ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ.

ಸರ್ಕಿಸ್ ಚಿತ್ರ ಎರಡೂ ಕಾಲನ್ನು ಕತ್ತಲೆಯಲ್ಲೇ ಊರಿತು. ವಾರ್ನರ್ ಸಂಸ್ಥೆ ಫಾವ್ರೊ ಚಿತ್ರದ ಎದುರು ಬೀಳದಂತೆ ಬಿಡುಗಡೆಯನ್ನು ಮುಂದೂಡಿ ಮುಂದೂಡಿ, ಕೊನೆಗೆ ನೆಟ್‌ಫ್ಲಿಕ್ಸ್‌ಗೆ ಮಾರಿತು. ಅದರಲ್ಲಿ ಭೂತ್ ಎಂಬ ಬಿಳಿ ತೋಳದ ಮರಿಯಿದೆ. ಹಿಂಡಿನಲ್ಲಿ ಎಲ್ಲರ ಗೇಲಿಗೆ ಗುರಿಯಾದದ್ದು, ಮೋಗ್ಲಿಯ ಪ್ರಾಣಸ್ನೇಹಿತ. ಓಟದ ಪರೀಕ್ಷೆಯಲ್ಲಿ ಸೋತು ಕುದಿಯುತ್ತಿರುವ ಮೋಗ್ಲಿಯನ್ನು ಸಮಾಧಾನ ಮಾಡಲು ಭೂತ್ ಹತ್ತಿರ ಬರುತ್ತದೆ. ನೀನು ವಿಶೇಷವಲ್ಲ, ಕೆಟ್ಟು ಹುಟ್ಟಿದವನು ಎಂಬರ್ಥದ ಮಾತನ್ನು ಮೋಗ್ಲಿ ಅದರ ಮುಖಕ್ಕೆ ಹೊಡೆದಂತೆ ಆಡಿಬಿಡುತ್ತಾನೆ. ಮುಂದೆ ಊರಿನಲ್ಲಿ ಬಿಳಿಯ ಬೇಟೆಗಾರ ಲಾಕ್‌ವುಡ್‌ನ ಬಿಡಾರದೊಳಗೆ, ಕೊಂಬು ಚರ್ಮಗಳ ನಡುವೆ, ಹೊಟ್ಟು ತುಂಬಿ ಗಾಜಿನ ಕಣ್ಣಿಟ್ಟು ನಿಲ್ಲಿಸಿದ ಆ ಮರಿಯನ್ನೇ ಕಾಣುತ್ತಾನೆ. ಕ್ಷಮೆ ಕೇಳಲು ಈಗ ಕಿವಿಯಿಲ್ಲ. ನನ್ನ ಜೊತೆ ಕೂತು ನೋಡುತ್ತಿದ್ದ ಮಗಳು ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಿದಳು. ರಕ್ತದ ದೃಶ್ಯಗಳಿಗೆಲ್ಲ ಕಣ್ಣು ಪಿಳುಕಿಸದೆ ಕೂತಿದ್ದವಳು ಅವಳು. ಅವಳನ್ನು ಹೆದರಿಸಿದ್ದು ಹುಲಿಯಲ್ಲ, ಮೋಗ್ಲಿಯ ಬಾಯಿಂದ ಬಂದ ಮಾತು.

ಈ ಒಂದು ದೃಶ್ಯಕ್ಕಾಗಿ ನಾನು ಸರ್ಕಿಸ್‌ನ ಉಳಿದ ತಪ್ಪುಗಳನ್ನು ಮನ್ನಿಸಿದ್ದೇನೆ. ತಪ್ಪುಗಳು ಇಲ್ಲದಿಲ್ಲ: ಮನುಷ್ಯಮುಖದ ಪ್ರಾಣಿಗಳು ನೋಡಲು ಕಸಿವಿಸಿ, ಕೊನೆಯ ಕಾಳಗ ಅವಸರದ್ದು. ಆದರೂ ಕತ್ತಲೆ ಎಂದರೆ ಬರೀ ಮಬ್ಬು ಬೆಳಕು, ಒಡೆದ ಮೂಳೆ ಎಂದುಕೊಂಡಿರುವ ಅನೇಕ ರೀಮೇಕುಗಳ ನಡುವೆ, ನಾಯಕನೊಳಗೇ ಇಣುಕಿದ್ದು ಇದು. ಕಿಪ್ಲಿಂಗ್ ಇನ್ನೂ ಮುಂದೆ ಹೋಗಿದ್ದ. ತನ್ನನ್ನು ಮಗನಂತೆ ಕಂಡ ಮೆಸ್ಸುವಾಳನ್ನು ಸುಡಹೊರಟ ಊರಿನ ಮೇಲೆ ಮೋಗ್ಲಿ ಕಾಡಾನೆ ಹಾಥಿಯನ್ನೂ ಅದರ ಮೂವರು ಮಕ್ಕಳನ್ನೂ ಬಿಡುತ್ತಾನೆ. ಮೊದಲು ಬೆಳೆ, ಆಮೇಲೆ ಕಣಜ, ಕೊನೆಗೆ ಗೋಡೆ. ಮಳೆಗಾಲ ಮುಗಿಯುವುದರೊಳಗೆ ಊರಿದ್ದ ಜಾಗದಲ್ಲಿ ಕಾಡು. ಕೊಲ್ಲಬೇಡಿ, ಊರನ್ನು ಇಲ್ಲವಾಗಿಸಿ ಎಂಬ ತಣ್ಣನೆಯ ಸೇಡು ಅದು. ನಾನು ನೋಡಿದ ಯಾವ ಮೋಗ್ಲಿ ಚಿತ್ರವೂ ಈ ಕಥೆಯನ್ನು ಪೂರ್ತಿಯಾಗಿ ಮುಟ್ಟಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದ ರಾತ್ರಿ ಮಗಳಿಗೆ ನಾನು ಹೇಳಿದ್ದು ಆ ಕಥೆಯನ್ನೇ. ಕಿವಿ ಮುಚ್ಚಿಕೊಳ್ಳದೆ ಕೊನೆಯವರೆಗೂ ಕೇಳಿದಳು. ‘ಅಪ್ಪಾ, ಆ ಊರಿನ ಎಮ್ಮೆಗಳು ಎಲ್ಲಿಗೆ ಹೋದವು?’ ಎಂದಳು. ಎದ್ದು ಪುಸ್ತಕ ತೆಗೆದು ನೋಡಬೇಕಾಯಿತು. ಕಾಡಿಗೆ ಹೋಗಿದ್ದವು, ಅಲ್ಲಿಯ ಮೃಗಗಳ ಜೊತೆ ಮೇಯಲು.