ಕಾನ್ಕಾರ್ಡಟ್: ಅರಸನಿಗೂ ಧರ್ಮಪೀಠಕ್ಕೂ ಒಡಂಬಡಿಕೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಇದು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದೂ, ಸಂಘದ ಸನಿಹಕ್ಕೆ ಬಂದು ವರ್ಷ ಮೀರಿತೆಂದೂ ಅರಸ ಹೇಳಿಕೊಳ್ಳುತ್ತಾನೆ. ಮಾತೆಲ್ಲ ಅರಸನದೇ; ಸಂಘದ ಒಪ್ಪಿಗೆಯಾಗಲಿ ಷರತ್ತಾಗಲಿ ಈ ಬಂಡೆಗಳ ಮೇಲಿಲ್ಲ.

ಅರಸೊತ್ತಿಗೆಯೂ ಧರ್ಮಪೀಠವೂ ಎದುರುಬದುರು ಕುಳಿತು ಷರತ್ತು ಬರೆದುಕೊಂಡರೆ ಅದು ಬೇರೆಯೇ ಬಗೆಯ ದಾಖಲೆ. ಪೋಪರ ಪೀಠಕ್ಕೂ ಒಂದು ರಾಜ್ಯಕ್ಕೂ ಆಗುವ ಇಂಥ ಕರಾರಿಗೆ ‘ಕಾನ್ಕಾರ್ಡಟ್’ ಎಂದು ಹೆಸರು. ಲ್ಯಾಟಿನ್ನಿನಲ್ಲಿ ‘ಕೊನ್’ ಎಂದರೆ ಒಡನೆ, ‘ಕೊರ್’ ಎಂದರೆ ಹೃದಯ. ಮನಸ್ಸು ಕೂಡಿ ಒಪ್ಪಿದ್ದು ಎಂದರ್ಥ. ನಮ್ಮ ‘ಒಡಂಬಡಿಕೆ’ಯಲ್ಲೂ ಅದೇ ‘ಒಡನೆ’ ಅಡಗಿದೆ.

ಆದರೆ ಮನಸ್ಸು ಕೂಡುವ ಮೊದಲು ಜಗಳವಿರುತ್ತದೆ. ಬಿಷಪರಿಗೆ ಉಂಗುರ, ದಂಡ ಕೊಡುವವರು ಯಾರು ಎಂಬ ದೀರ್ಘ ಕಲಹ 1122ರ ವೋರ್ಮ್ಸ್ ಒಪ್ಪಂದದಿಂದ ಇತ್ಯರ್ಥವಾಯಿತು. ಆ ಹಕ್ಕನ್ನು ಚಕ್ರವರ್ತಿ 5ನೇ ಹೆನ್ರಿ ಬಿಟ್ಟುಕೊಟ್ಟ. 1801ರಲ್ಲಿ ನೆಪೋಲಿಯನ್, 1929ರಲ್ಲಿ ಮುಸೊಲಿನಿಯ ಇಟಲಿ ಇಂಥ ಕರಾರು ಮಾಡಿಕೊಂಡವು.

ಕನ್ನಡ ನಾಡಿಗೂ ಇದರ ನೆರಳು ಬಿದ್ದಿತ್ತು. ಪೂರ್ವದೇಶಗಳಲ್ಲಿ ಬಿಷಪರನ್ನು ಸೂಚಿಸುವ ‘ಪದ್ರುವಾದೊ’ ಹಕ್ಕು ಪೋರ್ಚುಗಲ್ ದೊರೆಗಳಿಗಿತ್ತು. ಮುಂದೆ ರೋಮ್ ನೇರವಾಗಿ ಧರ್ಮಾಧ್ಯಕ್ಷರನ್ನು ಕಳುಹಿಸತೊಡಗಿದಾಗ, ಗೋವೆಗೆ ನಡೆದುಕೊಳ್ಳಬೇಕೋ ರೋಮಿನವರಿಗೋ ಎಂಬ ತೊಡಕು ಭಕ್ತರ ಪಾಲಿಗೆ ಬಂತು. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ನಡುವಿನ ಕಾನ್ಕಾರ್ಡಟ್ ಗಡಿಗಳನ್ನು ಗೊತ್ತುಮಾಡಿತು. ಅದೇ ವರ್ಷ ಮಂಗಳೂರು, ಮೈಸೂರುಗಳು ಧರ್ಮಪ್ರಾಂತಗಳಾದವು. ಮಂಗಳೂರನ್ನು ಆಗ ಆಳುತ್ತಿದ್ದವರು ಬ್ರಿಟಿಷರು. ಕರಾರು ನಡೆದದ್ದು ರೋಮಿಗೂ ಲಿಸ್ಬನ್ನಿಗೂ. ಇಗರ್ಜಿಗೆ ಹೋಗುವ ಜನರ ರುಜು ಅದರಲ್ಲಿರಲಿಲ್ಲ.

ಇದರ ಪಕ್ಕದಲ್ಲಿ ಶ್ರವಣಬೆಳಗೊಳದ 1368ರ ಶಾಸನವನ್ನಿಟ್ಟು ನೋಡಬೇಕು. ವೈಷ್ಣವರಿಂದ ಅನ್ಯಾಯವಾಯಿತೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಳಶಗಳ ಹಕ್ಕು ಜೈನರಿಗೆ ಉಳಿಯಿತು. ಜೈನರು ಮನೆಗೊಂದು ಹಣದಂತೆ ವರ್ಷವೂ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನು ನೇಮಿಸಬೇಕು. ಮಿಕ್ಕ ಹಣ ಜೀರ್ಣ ಜಿನಾಲಯಗಳಿಗೆ. ಹೀಗೆ ಕಾವಲಿನ ಹೊಣೆ ವೈಷ್ಣವರ ಮೇಲೆಯೇ ಬಿತ್ತು.

ಇದು ಕಾನ್ಕಾರ್ಡಟ್ ಅಲ್ಲ. ಇಲ್ಲಿ ಅರಸ ಕರಾರಿನ ಒಂದು ಪಕ್ಷವಲ್ಲ, ನಡುವೆ ನಿಂತ ಹೊಣೆಗಾರ. ನೊಂದವರು ಸ್ವತಃ ಒಂದು ಪಕ್ಷ. ನಮ್ಮ ಸಂವಿಧಾನದ 26ನೇ ವಿಧಿ ಪ್ರತಿ ಧಾರ್ಮಿಕ ಪಂಗಡಕ್ಕೂ ತನ್ನ ಧರ್ಮದ ವ್ಯವಹಾರ ನೋಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಅದಕ್ಕಾಗಿ ಯಾವ ಪೀಠವೂ ಸರ್ಕಾರದೊಡನೆ ಪ್ರತ್ಯೇಕ ಕರಾರು ಮಾಡಿಕೊಳ್ಳಬೇಕಿಲ್ಲ. ಆದರೂ ಧರ್ಮದ ಹೆಸರಿನ ಯಾವುದೇ ಒಡಂಬಡಿಕೆ ಕಂಡಾಗ, ಅದಕ್ಕೆ ತಲೆಬಾಗಬೇಕಾದವರನ್ನು ಕೇಳಿದ್ದರೇ ಎಂದು ನೋಡುವುದು ಒಳ್ಳೆಯದು.