ಬೀಗ ಬಿದ್ದ ಮನೆ, ಉಳಿದ ಬೀರು

ರಷ್ಯನ್ ಭಾಷೆಯಲ್ಲಿ ‘ದಾಚಾ’ ಎಂದರೆ ಊರಾಚೆಯ ಬೇಸಿಗೆ ಮನೆ. ‘ಕೊಡು’ ಎಂಬರ್ಥದ ಧಾತುವಿನಿಂದ ಹುಟ್ಟಿದ ಪದವಿದು. 18ನೇ ಶತಮಾನದ ಆರಂಭದಲ್ಲಿ ದೊರೆ ಪೀಟರ್ ಸೇಂಟ್ ಪೀಟರ್ಸ್‌ಬರ್ಗ್ ಹೊರವಲಯದ ನಿವೇಶನಗಳನ್ನು ತನ್ನ ಆಸ್ಥಾನಿಕರಿಗೆ ದಯಪಾಲಿಸಿದ. ಮುಂದಿನ ಶತಮಾನದಲ್ಲಿ ರೈಲು ಬಂದಾಗ ಮಧ್ಯಮ ವರ್ಗವೂ ದಾಚಾಗಳತ್ತ ಹೊರಟಿತು.

ಈ ಸ್ಥಿತ್ಯಂತರವೇ 1904ರಲ್ಲಿ ರಂಗಕ್ಕೆ ಬಂದ ಚೆಕಾಫನ ‘ಚೆರ್ರಿ ತೋಪು’ ನಾಟಕದ ವಸ್ತು. ಸಾಲದಲ್ಲಿ ಮುಳುಗಿದ ಜಮೀನ್ದಾರರ ತೋಟ ಹರಾಜಾಗುತ್ತದೆ. ಕೊಂಡ ವರ್ತಕ ಮರ ಕಡಿಸಿ ದಾಚಾಗಳಿಗೆ ಜಾಗ ಮಾಡಹೊರಡುತ್ತಾನೆ. ಮನೆಯೊಡತಿಯ ಸೋದರ ನೂರು ವರ್ಷದ ಪುಸ್ತಕದ ಬೀರುವನ್ನು ಉದ್ದೇಶಿಸಿ ಭಾಷಣವನ್ನೇ ಬಿಗಿಯುತ್ತಾನೆ. ಕೊನೆಗೆ ಮನೆಗೆ ಬೀಗ ಬೀಳುತ್ತದೆ. ಮುದಿ ಸೇವಕನೊಬ್ಬ ಒಳಗೇ ಉಳಿದಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಕ್ರಾಂತಿಯ ನಂತರವೂ ದಾಚಾ ಅಳಿಯಲಿಲ್ಲ. 1949ರಲ್ಲಿ ಸೋವಿಯತ್ ಸರ್ಕಾರ ಕಾರ್ಮಿಕರು, ನೌಕರರ ತೋಟಗಾರಿಕೆಗೆ ಭೂಮಿ ಒದಗಿಸಲು ನಿರ್ಣಯಿಸಿತು. ಕ್ರಮೇಣ 600 ಚದರ ಮೀಟರ್, ಅಂದರೆ ನಮ್ಮ ಸುಮಾರು ಆರು ಗುಂಟೆ, ರೂಢಿಯ ಅಳತೆಯಾಯಿತು. ಇದೇ ಕಾಲಕ್ಕೆ ಕ್ರುಶ್ಚೇವ್ ಆಡಳಿತ ಸಾಲುಸಾಲಾಗಿ ಕಟ್ಟಿಸಿದ ಪುಟ್ಟ ಫ್ಲ್ಯಾಟುಗಳ ತಗ್ಗು ಸೂರಿನಡಿ ಅಜ್ಜಿಯರ ಕಾಲದ ಬೀರುಗಳು ಹಿಡಿಸಲಿಲ್ಲ. ಎಷ್ಟೋ ಕಸದ ಪಾಲಾದವು. ಕೆಲವು ದಾಚಾ ಸೇರಿ ಬದುಕಿಕೊಂಡವು.

ಆದರೆ ದಾಚಾದ ಬದುಕು ಬೇಸಿಗೆಯದು. ಶರತ್ಕಾಲ ಮುಗಿಯುವ ಮೊದಲು ಆಲೂಗೆಡ್ಡೆ ಅಗೆದು ನೆಲಮಾಳಿಗೆಗೆ ಸೇರಿಸಬೇಕು. ಕೊಳವೆಗಳ ನೀರನ್ನೆಲ್ಲ ಬಸಿಯಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಕೊಳವೆ ಬಿರಿಯುತ್ತದೆ. ಇಲಿಗಳಿಗೆ ಸಿಗದಂತೆ ಹಾಸಿಗೆ, ಧಾನ್ಯಗಳನ್ನು ಭದ್ರಪಡಿಸಬೇಕು. ಬಳಿಕ ತಿಂಗಳುಗಟ್ಟಲೆ ಒಲೆಯಿಲ್ಲದ ಮನೆಯಲ್ಲಿ ಬೀರು ಒಂಟಿ. ತೇವಕ್ಕೆ ಮರ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ.

ಇದಕ್ಕೆ ಪರಿಹಾರವೂ ಹಳೆಯ ಬಡಗಿಯ ಕೆಲಸದಲ್ಲೇ ಇದೆ. ಚರ್ಮ, ಮೂಳೆ ಕುದಿಸಿ ತೆಗೆದ ಅಂಟು ಬಿಸಿ ಮತ್ತು ತೇವಕ್ಕೆ ಮೆದುವಾಗುವುದರಿಂದ ಮರ ಸೀಳದೆ ಕೀಲು ಬಿಚ್ಚಿ ಮತ್ತೆ ಕೂಡಿಸಬಹುದು. ಬಳಿಕ ಹೊಳಪಿಗೆ ಅರಗು. ಭಾರತದ ಕಾಡುಗಳಲ್ಲಿ ಕೀಟಗಳು ಸ್ರವಿಸುವ ಈ ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರಪದರವಾಗಿ ತೀಡುತ್ತಾರೆ. ಚನ್ನಪಟ್ಟಣದ ಗೊಂಬೆ ಮಿನುಗುವುದೂ ಅರಗಿನಿಂದಲೇ.

ಈ ಬೀರುಗಳನ್ನು ಕಾಪಾಡಿದ್ದು ಕಲಾಭಿಮಾನವೇ ಎನ್ನುವಂತಿಲ್ಲ. ಅಂಗಡಿಯಲ್ಲಿ ಹೊಸ ಪೀಠೋಪಕರಣ ಸುಲಭವಾಗಿ ಸಿಗದ ಆ ದಿನಗಳಲ್ಲಿ ಹಳೆಯದನ್ನು ಎಸೆಯಲು ಬಹಳ ಜನರಿಗೆ ಮನಸ್ಸು ಬರಲಿಲ್ಲ, ಅಷ್ಟೇ.